ಅತ್ತಿಯವರ ನಡಾ, ಮಾವನವರ ಗಾಡಿ

ಸಂಕ್ರಾಂತಿ ದಿನಾ ಸಂಜಿಕಿ ಎದುರಿನ ಮನಿ ವೈನಿ ಕುಸುರೆಳ್ಳು ಕೊಡಾಕ ಬಂದಿದ್ರು. ಎಳ್ಳು-ಬೆಲ್ಲದ ಮಾತು ಮುಗಿದ ಮ್ಯಾಲೆ ಬಾಗಲದಾಗ ನಿಂತು, "ಅಲ್ರೀ, ಹೊಸಾ ಗಾಡಿ ತೊಗೊಂಡ್ರೇನ? ಮೊನ್ನೆ ಅತ್ತಿಯವ್ರನ್ನ ಕರಕೊಂಡು ಹೊಂಟಿದ್ರಿ. ಮದಲ ನಿಮ್ಮ ಗಾಡಿ ಓಣಿಗೆ ಬಂತಂದ್ರ ನಮ್ಮ ಅಡಗಿ ಮನಿಗೆ ಕೇಳ್ತಿತ್ತು, ಈಗ ಸಪ್ಪಳನ ಇಲ್ಲ" ಅಂದ್ರು. ಹೊಸಾದಲ್ರೀ, ಅದ ಹಳೇ ಸ್ವಿಫ್ಟ್ ಅಂದೆ. ಅವ್ರು ನಂಬಲಿಲ್ಲ. ಹೊರಗ ಬಂದು ನಂಬರ ಪ್ಲೇಟ ನೋಡಿದ ಮ್ಯಾಲೆ ನಂಬಿದ್ರು. "ಏನ ಮಾಡಿಸಿದ್ರಿ, ಎಷ್ಟ ಬಿತ್ತು, ಬರದ ಹಾಕ್ರಿ, ನಮ್ಮ ಮನಿಯಾಗೂ ಒಂದು ಹಳೇ ಗಾಡಿ ಐತಿ" ಅಂದ್ರು. ಅದಕ್ಕ ಈ ಸಲ ಇಲ್ಲಿ ರೊಟ್ಟಿ-ಚಟ್ನಿ ಪುರಾಣ ಇಲ್ಲ, ಗಾಡಿ ಪುರಾಣ. ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇದರಾಗ ನಾ ಮಾಡಿದ ಒಂದು ದೊಡ್ಡ ತಪ್ಪೂ ಐತಿ. ಅದನ್ನ ಹೇಳಾಕs ಬರಿಯಾಕ ಹತ್ತೀನಿ.

ನಮ್ಮ ಗಾಡಿ 2009ರದು. ನಮ್ಮ ಮಾವನವ್ರು ಸಾಲಿ ಮಾಸ್ತರಕಿಯಿಂದ ರಿಟಾಯರ್ ಆದಾಗ ಬಂದ ರೊಕ್ಕದಾಗ ತೊಗೊಂಡಿದ್ರು. ಆವಾಗ ಅವ್ರಿಗೆ ಡ್ರೈವಿಂಗ್ ಬರ್ತಿದ್ದಿಲ್ಲ. ಅರವತ್ತರ ವಯಸ್ಸಿನ್ಯಾಗ ಕಲ್ತ್ರು. ಅವ್ರ ಬಾಜೂ ಸೀಟನ್ಯಾಗ ಅತ್ತಿಯವ್ರು. "ಎಮ್ಮಿ ಬಂತು, ಸೈಕಲ್ ಬಂತು, ಹಂಪ್ಸ್ ಬಂತು" ಅಂತ ದಾರಿ ತುಂಬ ಹೇಳ್ಕೋತ ಹೋಗವ್ರು. ಮಾವನವ್ರು ತೀರಿಕೊಂಡು ಆರ ವರ್ಷ ಆತು. 2024ರಾಗ ಗಾಡಿಗೆ 15 ವರ್ಷ ತುಂಬಿದ್ವು. ಮನಿಯವ್ರು "ಮಾರಿಬಿಡೂಣು" ಅಂದ್ರು. ಅತ್ತಿಯವ್ರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಎದ್ದು ಒಳಗ ಹೋದ್ರು. ಮಾರೂ ಮಾತು ಅಲ್ಲಿಗೇ ನಿಂತ್ತು. ಆರ್‌ಟಿಓ ಆಫೀಸಿಗೆ ಹೋಗಿ, ಗಾಡಿ ತೋರಿಸಿ, ಮತ್ತ ಐದ ವರ್ಷಕ್ಕ ಆರ್‌ಸಿ ಮುಂದುವರಿಸಿಕೊಂಡು ಬಂದ್ವಿ.

ಹೋದ ಶ್ರಾವಣದಾಗ ಅತ್ತಿಯವ್ರು ಬಚ್ಚಲದಾಗ ಜಾರಿ ಬಿದ್ರು. ಚಪ್ಪಿ ಎಲುಬು ಮುರೀತು. ಹುಬ್ಬಳ್ಳಿಯೊಳಗ ಆಪರೇಶನ್ ಆತು. ಆಮ್ಯಾಲೆ ವಾರಕ್ಕ ಎರಡ ಸಲ ಅಲ್ಲಿಗೇ ವ್ಯಾಯಾಮಕ್ಕ ಕರಕೊಂಡ ಬರ್ರಿ ಅಂದ್ರು. ನಾವಿರೂದು ಧಾರವಾಡದಾಗ, ಹೋಗೂದು ಇಪ್ಪತ್ತ ಕಿಲೋಮೀಟರ್, ಬರೂದು ಇಪ್ಪತ್ತ. ಮನಿಯವ್ರಿಗೆ ಡ್ಯೂಟಿ, ಮಗನಿಗೆ ಕಾಲೇಜು. ಅಂದ್ರ ಡ್ರೈವರ್ ಯಾರು? ನಾನs.

ನಮ್ಮ ಕಡೆ ರಸ್ತಾ ನಿಮಗ ಗೊತ್ತಿದ್ದದ್ದs. ನಮ್ಮದು ಎರಿ ಭೂಮಿ. ಮಳಿಗಾಲದಾಗ ಹಸಿ ಆಗಿ ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಬಿರಕ ಬಿಡತೈತಿ. ಮ್ಯಾಲೆ ಎಷ್ಟ ಡಾಂಬರ ಹಾಕಿದ್ರೂ ಕೆಳಗಿನ ಮಣ್ಣು ಸುಮ್ನ ಕೂಡೂದಿಲ್ಲ. ದೊಡ್ಡ ರಸ್ತಾ ಚಲೋನ ಐತಿ, ಆದ್ರ ಓಣಿಯಿಂದ ಅಲ್ಲಿಗೆ ಮುಟ್ಟೂತನಕ ಮತ್ತ ಅಲ್ಲಿಂದ ದವಾಖಾನಿ ಮುಟ್ಟೂತನಕ ತಗ್ಗಿಗೆ ಲೆಕ್ಕಿಲ್ಲ, ಹಂಪ್ಸಿಗೆ ಅಳತಿ ಇಲ್ಲ. ಒಂದೊಂದು ತಗ್ಗು ಬಂದಾಗೂ ಹಿಂದಿನ ಸೀಟಿನಿಂದ "ಶಿವಾ ಶಿವಾ" ಅನ್ನೂ ದನಿ. ಸ್ಟೇರಿಂಗ್ ಹಿಡಿದ ನನ್ನ ಕೈ ಬೆವರತಿದ್ವು.

ಇದಕ್ಕೇನರ ಮಾಡಬೇಕಲ್ಲ ಅಂತ ಒಂದಿನಾ ಗಾಡಿ ಸಾಮಾನು ಮಾರೂ ಅಂಗಡಿಯೊಳಗ ಕೇಳಿದೆ. ಅವಾ ಪಟ್ಟನ ಒಂದು ಡಬ್ಬಿ ತಗದು ಮುಂದ ಇಟ್ಟ. ಒಳಗ ಬಳಿಯಂಥಾ ದಪ್ಪ ರಬ್ಬರ್. "ಅಕ್ಕಾರ, ಇದಕ್ಕ ಬಫರ್ ಅಂತಾರ. ಸ್ಪ್ರಿಂಗಿನ ಸಂದಿಯೊಳಗ ಕೂಡಸ್ತೀವಿ. ಗಾಡಿ ಎತ್ತರ ಆಗತೈತಿ, ಮೆತ್ತಗ ಆಗತೈತಿ, ಹೊಸಾ ಗಾಡಿ ಹಂಗ ಹೋಗತೈತಿ" ಅಂದ. ನಾಕಕ್ಕ 2,800 ರೂಪಾಯಿ. ರಬ್ಬರ್ ಅಂದ ಮ್ಯಾಲೆ ಮೆತ್ತಗs ಇರಬೇಕಲ್ಲ ಅಂತ ನಾ ಲೆಕ್ಕಾ ಹಾಕಿದೆ. ಅರ್ಧಾ ತಾಸಿನ್ಯಾಗ ಕೂಡಿಸಿ ಕೊಟ್ಟ. ಗಾಡಿ ಖರೇನ ಎತ್ತರ ಆತು. ಮದಲ ಹೊಟ್ಟಿ ತಾಗತಿದ್ದ ಹಂಪ್ಸಿಗೆ ಈಗ ತಾಗಲಿಲ್ಲ. ಸ್ಟೇರಿಂಗೂ ಬಿಗಿ ಅನಿಸ್ತು. ನನಗ ನನ್ನ ಮ್ಯಾಲೆ ಭಾಳ ಅಭಿಮಾನ ಆತು. ಮನಿಯವ್ರಿಗೆ ಹೇಳಿ ಶಾಬಾಸಕಿನೂ ತೊಗೊಂಡೆ.

ಒಂದೆರಡು ವಾರದಾಗ ಹಿಂದಿನಿಂದ "ಶಿವಾ" ಅನ್ನೂದು ನಿಂತ್ತು. ನೋಡ್ರಿ, ಬಫರ್ ಕೆಲಸಾ ಮಾಡಾಕ ಹತ್ತೈತಿ ಅಂದ್ಕೊಂಡೆ. ಆಮ್ಯಾಲೆ ಒಂದಿನಾ ಅತ್ತಿಯವ್ರು, "ತಂಗಿ, ನನಗ ಆರಾಮ ಆಗೇತಿ. ಇನ್ನ ಹುಬ್ಬಳ್ಳಿಗೆ ಬ್ಯಾಡ. ಇಲ್ಲೇ ಅಂಗಳದಾಗ ಅಡ್ಡಾಡತೀನಿ" ಅಂದ್ರು. ವಾಕರ್ ಹಿಡಕೊಂಡು ನಡದೂ ತೋರಿಸಿದ್ರು. ನನಗೂ ದೀಪಾವಳಿ ಕೆಲಸಾ ಇದ್ವು. ಸುಳ್ಳ ಯಾಕ ಹೇಳ್ಲಿ, ಒಳಗಿಂದೊಳಗ ಚಲೋ ಆತು ಅನಿಸ್ತು. ಮೂರು ವಾರ ಹೋಗಲಿಲ್ಲ.

ದೀಪಾವಳಿ ಆದ ಮ್ಯಾಲೆ ದವಾಖಾನಿಯಿಂದ ಫೋನ್ ಬಂತು. ವ್ಯಾಯಾಮ ಮಾಡ್ಸೂ ಹುಡುಗಿ, "ಆಂಟಿ, ಯಾಕ ಬರವಲ್ರಿ? ಈಗ ಬಿಟ್ರ ಆ ಕಾಲಿನ ಶಕ್ತಿ ಹೋಗತೈತಿ. ವಾಕರ್ ಕಾಯಂ ಆಗತೈತಿ" ಅಂದ್ಲು. ಕರಕೊಂಡ ಹೋದ್ವಿ. ಆಕಿ ಕಾಲ ಎತ್ತರಿ ಅಂದ್ರ ಅತ್ತಿಯವ್ರಿಗೆ ಎತ್ತಾಕ ಆಗಲಿಲ್ಲ. ಮದಲಿದ್ದದ್ದಕ್ಕಿಂತಾ ಹಿಂದ ಬಿದ್ದಿದ್ರು. ಆಕಿ ಕೇಳಿದ್ಲು, "ಆಯೀ, ನೋವಾಗತೈತಿ ಅಂತ ಬರೂದು ಬಿಟ್ರೇನ?" ಅತ್ತಿಯವ್ರು ನನ್ನ ಕಡೆ ನೋಡಿದ್ರು, ಆಮ್ಯಾಲೆ ನೆಲಾ ನೋಡಿದ್ರು. "ವ್ಯಾಯಾಮದ್ದು ನೋವಿಲ್ಲವಾ. ಬರೂದು, ಹೋಗೂದು" ಅಂದ್ರು.

ನಾ ರೊಕ್ಕಾ ಕೊಟ್ಟು ಮಾಡಿಸೀನಿ, ಹುರುಪಿನಿಂದ ಹೇಳ್ಕೋತ ಅಡ್ಡಾಡೀನಿ, ಇನ್ನ ನೋವಾಗತೈತಿ ಅಂದ್ರ ಸೊಸಿ ಮನಸ್ಸು ಸಣ್ಣದಾಗತೈತಿ ಅಂತ ಆ ಹಿರೇ ಜೀವಾ ಹಲ್ಲ ಕಚ್ಚಿ ಕುಂತಿತ್ತು. ತಾಳಾಕಾಗದಾಗ ಆರಾಮ ಆಗೇತಿ ಅಂತ ಸುಳ್ಳ ಹೇಳ್ತು.

ಮರುದಿನಾ ಮಗನಿಗೆ, "ನೀ ಗಾಡಿ ಹೊಡಿ, ನಾ ಆಯಿ ಜಾಗಾದಾಗ ಕುಂದರತೀನಿ" ಅಂದೆ. ಹದಿನಾರು ವರ್ಷದಾಗ ನಾ ಆ ಗಾಡಿಯ ಹಿಂದಿನ ಸೀಟನ್ಯಾಗ ಎಷ್ಟ ಸಲ ಕುಂತಿದ್ದೆನೋ ನೆನಪಿಲ್ಲ. ಕುಂತಿದ್ರೂ ಎಳೇ ಮೈಯಾಗ. ನವಲೂರ ಮುಟ್ಟೂದ್ರಾಗ ನನ್ನ ನಡಾ ಕೈ ಕೊಟ್ಟಿತ್ತು. ಮುಂದ ಕುಂತವ್ರಿಗೆ ಒಂದು ಸಣ್ಣ ಧಡಕಿ ಅನಿಸೂದು ಹಿಂದ ಕುಂತವ್ರಿಗೆ ಕೆಳಗಿಂದ ಒನಕಿ ತೊಗೊಂಡು ಕುಟ್ಟಿದಂಗ ಬರತಿತ್ತು. ಮಗಾ ಕನ್ನಡಿಯೊಳಗ ನನ್ನ ಮಾರಿ ನೋಡಿ, "ಮಮ್ಮಿ, ತಿರಗೂಣೇನ?" ಅಂದ. ಸೀದಾ ಗ್ಯಾರೇಜಿಗೆ ನಡಿ ಅಂದೆ.

ಗ್ಯಾರೇಜಿನ ಚಾಚಾ ನಮ್ಮ ಮಾವನವ್ರ ಕಾಲದಿಂದ ಪರಿಚಯ. ಅವ್ರು ಮಾತಾಡೂದು ಕಡಿಮಿ. ಮದಲ ಬಾನೆಟ್ಟಿನ ಒಂದು ಮೂಲಿ ಎರಡೂ ಕೈಲೆ ಕೆಳಗ ಒತ್ತಿ ಬಿಟ್ರು. ಚಲೋ ಇದ್ದ ಗಾಡಿ ಮ್ಯಾಲೆ ಎದ್ದು ಒಂದ ಸಲಕ್ಕ ಸುಮ್ನ ನಿಂದ್ರಬೇಕಂತ. ನಮ್ಮದು ಮೂರ್ನಾಕ ಸಲ ತೂಗಾಡ್ತು. "ಇದು ಅಗದೀ ಸತ್ತದ್ದನ್ನ ಅಷ್ಟ ತೋರಸ್ತೈತಿ ಅಕ್ಕಾರ, ಅರ್ಧಾ ಸತ್ತದ್ದು ಗೊತ್ತಾಗಾಕ ಗಾಡಿ ಎತ್ತಬೇಕು" ಅಂತ ಗಾಡಿ ಎತ್ತಿ, ಚಕ್ಕರ ತಗದು, ಬ್ಯಾಟರಿ ಹಿಡದು ತೋರಿಸಿದ್ರು. ಮುಂದಿನ ಎರಡೂ ಶಾಕಪ್ಸರ್ ಮ್ಯಾಲೆ ಎಣ್ಣಿ ಸೋರಿ ಧೂಳಾ ಮೆತ್ತಿತ್ತು. ಅದರ ತಲಿ ಮ್ಯಾಲಿನ ರಬ್ಬರ್ ಮೌಂಟಿಂಗ್ ಸೀಳಿತ್ತು. ಲಿಂಕ್ ರಾಡ್ ಕೈಲೆ ಅಳ್ಳಾಡಿಸಿದ್ರ ಟಕ್ ಟಕ್ ಅಂತಿದ್ವು. ಓಣಿಗೆಲ್ಲಾ ಕೇಳ್ತಿದ್ದ ಸಪ್ಪಳಾ ಅದರದs. ಲೋವರ್ ಆರ್ಮಿನ ಬುಷ್ ಹರದಿದ್ವು. ಬಫರ್ ಹಾಕಿದಾಗ ಆ ಅಂಗಡಿಯವ ಇದನ್ಯಾವದನ್ನೂ ನೋಡಿದ್ದಿಲ್ಲ. ನಾನೂ ನೋಡ್ರಿ ಅಂದಿದ್ದಿಲ್ಲ.

ಈಗ ಸ್ವಲ್ಪ ಪಾಠಾ. ಹೆಣ್ಣಮಕ್ಕಳಿಗೆ ಇದೆಲ್ಲಾ ತಿಳಿಯೂದಿಲ್ಲ ಅಂತ ಗಂಡಸರು ಅಂದ್ಕೊಂಡಾರ. ಅಡಗಿ ಮನಿ ಬಲ್ಲವ್ರಿಗೆ ಇದು ಲಗೂನ ತಿಳಿತೈತಿ.

ಗಾಡಿಯ ಕೆಳಗ ನಾಕೂ ಕಡೆ ಸ್ಪ್ರಿಂಗ್ ಇರತಾವ. ತೊಟ್ಟಿಲಕ್ಕ ಹಾಕೂ ಸ್ಪ್ರಿಂಗ್ ನೆನಸ್ಕೊರಿ. ಕೂಸಿನ ಭಾರಾ ಹೊರೂದು, ಮ್ಯಾಲೆ-ಕೆಳಗ ಆಗೂದು ಅದರ ಕೆಲಸಾ. ಆದ್ರ ಒಮ್ಮೆ ಜಗ್ಗಿ ಬಿಟ್ರ ಅದು ತಾನs ನಿಂದರೂದಿಲ್ಲ, ಕುಣಕೋತ ಇರತೈತಿ. ಗಾಡಿ ಹಂಗ ಕುಣಿಬಾರದಂತ ಸ್ಪ್ರಿಂಗಿನ ಜೋಡಿ ಶಾಕಪ್ಸರ್ ಇಟ್ಟಿರತಾರ. ಅದೊಂದು ಕೊಳವಿ, ಒಳಗ ಎಣ್ಣಿ, ಎಣ್ಣಿಯೊಳಗ ಸಣ್ಣ ಸಣ್ಣ ತೂತು ಇರೂ ಒಂದು ಬಿಲ್ಲೆ, ಬಿಲ್ಲೆಗೆ ಒಂದು ಸಳಿ. ಗಟ್ಟಿ ಮೊಸರಿನ ಗಡಿಗಿಯೊಳಗ ಕಡಗೋಲು ಮ್ಯಾಲೆ-ಕೆಳಗ ಎಳದು ನೋಡ್ರಿ, ಹೆಂಗ ಜಗ್ಗಿ ಹಿಡಿತೈತಿ? ಅದೇ ಪ್ರಕಾರ. ಎಣ್ಣಿ ಸೋರಿ ಹೋತಂದ್ರ ಕಡಗೋಲು ನೀರಿನ್ಯಾಗ ಆಡಿಸಿದಂಗ, ಹಿಡಿಯಾಕ ಏನೂ ಇಲ್ಲ.

ಮಜ್ಜಿಗಿ ಜೋರ ಕಡದ್ರ ಮ್ಯಾಲೆ ನೊರಿ ಬರತೈತಿ ಹೌದಲ್ಲ? ನೊರಿಯೊಳಗ ಕಡಗೋಲಿಗೆ ಹಿಡತಾ ಸಿಗೂದಿಲ್ಲ. ತಗ್ಗಿನ ರಸ್ತಾದಾಗ ಒಂದs ಸವನ ಹೋದ್ರ ಶಾಕಪ್ಸರ್ ಎಣ್ಣಿಗೂ ಹಂಗ ನೊರಿ ಬರತೈತಿ. ಅದು ಬರಬಾರದಂತ ಒಳಗ ನೈಟ್ರೋಜನ್ ತುಂಬಿ ಒತ್ತಡಾ ಕೊಡತಾರ. "ಗ್ಯಾಸ್ ಶಾಕಪ್ಸರ್" ಅಂತ ಕೇಳಿರತೀರಿ, ಅದು ಇದು. ಅಡಗಿ ಗ್ಯಾಸ್ ಅಲ್ಲ ಮತ್ತ.

ಇನ್ನ ನನ್ನ ಬಫರ್. ಸ್ಪ್ರಿಂಗಿಗೆ ಹತ್ತ ಸುತ್ತ ಇದ್ರ ಹತ್ತೂ ಸುತ್ತ ಸ್ವಲ್ಪ ಸ್ವಲ್ಪ ಬಾಗಿ ಧಡಕಿ ಹಂಚ್ಕೋತಾವ. ನಡುವ ರಬ್ಬರ್ ಸಿಗಿಸಿದ್ರ ಆ ಸುತ್ತ ಸರಳಾಗಿ ಬಾಗೂದಿಲ್ಲ, ಉಳದವ್ರ ಮ್ಯಾಲೆ ಭಾರಾ. ಅಂದ್ರ ಸ್ಪ್ರಿಂಗ್ ಗಟ್ಟಿ ಆತು. ಚಾಚಾ ಅಂದ್ರು, "ಡಿಕ್ಕಿ ತುಂಬ ಮಾಲ ಹಾಕವ್ರಿಗೆ, ಸ್ಪ್ರಿಂಗ್ ಕುಂತು ಹೋದವ್ರಿಗೆ ಇದರಿಂದ ಏನರ ಉಪಯೋಗ ಆಗಬಹುದು. ನಿಮ್ಮ ಅತ್ತಿಯವ್ರ ತೂಕಾ ಎಷ್ಟು?" 44 ಕೇಜಿ ಅಂದೆ. ಅವ್ರು ಏನೂ ಅನ್ನಲಿಲ್ಲ, ಒರೆಸೂ ಅರಬಿ ಹೆಗಲಿಗೆ ಹಾಕ್ಕೊಂಡ್ರು. ನನಗ ಅಲ್ಲೇ ಭೂಮಿಯೊಳಗ ಇಳದಂಗ ಆತು.

ರಾತ್ರಿ ಊಟಕ್ಕ ಕುಂತಾಗ ಪಂಚಾಯ್ತಿ ಶುರು ಆತು. ಒಬ್ಬೊಬ್ಬರದು ಒಂದೊಂದು ದಾರಿ.

ಮಗಾ ಮೊಬೈಲ್ ತಗದ. ಅವನ ಪ್ರಕಾರ ಗಾಡಿ ಕೆಳಗ ಇಳಸೂ ಸ್ಪ್ರಿಂಗ್ ಹಾಕಬೇಕು, ಇಲ್ಲಾ ಕಾಯಿಲೋವರ್ ಹಾಕಬೇಕು. ಕಾಯಿಲೋವರ್ ಅಂದ್ರ ಸ್ಪ್ರಿಂಗ್, ಶಾಕಪ್ಸರ್ ಎರಡೂ ಒಂದs ಜೋಡಣಿ. ತಿರುವಿ ಎತ್ತರಾ ಹೆಚ್ಚು-ಕಡಿಮಿ ಮಾಡಬಹುದು. "ಮಮ್ಮಿ, ಗಾಡಿ ರೋಡಿಗೆ ಅಂಟ್ಕೊಂಡ ಹೋಗತೈತಿ" ಅಂದ. ಆಯಿಗೆ ರೋಡಿಗೆ ಅಂಟ್ಕೊಂಡು ಏನ ಮಾಡೂದೈತೋ ಅಂದೆ. ಆದ್ರೂ ಚಾಚಾರಿಗೆ ಕೇಳಿದೆ. ಅವ್ರು ಹೇಳಿದ್ದು ಇಷ್ಟು: ನಮ್ಮ ಗಾಡಿಗೆ ನೆಲದಿಂದ ಇರೂ ಎತ್ತರಾನs 170 ಮಿಲಿಮೀಟರ್. ಅದನ್ನ ಇಳಿಸಿದ್ರ ನಮ್ಮ ಹಂಪ್ಸಿಗೆ ಹೊಟ್ಟಿ ಹರಿತೈತಿ. ಚಕ್ಕರಕ್ಕ ಮ್ಯಾಲೆ-ಕೆಳಗ ಆಡಾಕ ಜಾಗಾ ಕಡಿಮಿ ಆಗತೈತಿ, ಅದಕ್ಕ ಸ್ಪ್ರಿಂಗ್ ಗಟ್ಟಿ ಇಡಬೇಕಾಗತೈತಿ. ನುಣುಪು ರಸ್ತಾದಾಗ ಜೋರ ಹೊಡ್ಯಾವ್ರಿಗೆ ಅದು. ಮ್ಯಾಲೆ ಕಾನೂನಿನ ತಕರಾರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ಅಳತಿಗೆ ವಿರುದ್ಧ ಗಾಡಿ ಬದಲ ಮಾಡೂಹಂಗಿಲ್ಲ, 2019ರ ಜನವರಿಯೊಳಗ ಸುಪ್ರೀಂ ಕೋರ್ಟ್ ಸೈತ ಅದನ್ನs ಹೇಳೇತಿ. ಈಗಷ್ಟ ಆರ್‌ಸಿ ಮಾಡಿಸಿಕೊಂಡು ಬಂದೀವಿ, ಮತ್ತ ಯಾಕ ಬೇಕು ಆ ಉಸಾಬರಿ.

ಬೆಂಗಳೂರಿನ ಮೈದುನಾ ಫೋನಿನ್ಯಾಗ, "ವೈನಿ, ಹಾಕೂದಾದ್ರ ಹೊರದೇಶದ ಗ್ಯಾಸ್ ಶಾಕಪ್ಸರ್ ಹಾಕಸ್ರಿ, ನಲವತ್ತ ಸಾವಿರ ಆಗಬಹುದು, ಅರ್ಧಾ ನಾ ಕೊಡತೀನಿ" ಅಂದ. ಅವನ ಮನಸ್ಸು ದೊಡ್ಡದು. ಆದ್ರ ಗ್ಯಾಸಿನ್ಯಾಗೂ ಎರಡ ತರಾ ಇರತಾವಂತ. ಎರಡು ಕೊಳವಿಯದು, ಒಳಗ ಒತ್ತಡಾ ಕಡಿಮಿ, ದಿನದ ಬಳಕಿಗೆ ಚಲೋ. ಒಂದು ಕೊಳವಿಯದು, ಒತ್ತಡಾ ಭಾಳ ಹೆಚ್ಚು. ಅದು ಗಾಡಿ ಬಿಗಿ ಹಿಡಿತೈತಿ, ತಿರುವಿನ್ಯಾಗ ವಾಲೂದಿಲ್ಲ, ಆದ್ರ ಸಣ್ಣ ಸಣ್ಣ ತಗ್ಗು ಸೈತ ಕುಂಡಿಗೆ ತಿಳಿಸಿ ಕೊಡತೈತಿ. ಮೈದುನಾ ಹೇಳಿದ್ದು ಈ ಎರಡನೇದು. ಅವಾ ಹೆದ್ದಾರಿಯೊಳಗ ಹಾರಿಸಿಕೊಂಡ ಹೋಗಾವ, ಅವನಿಗೆ ಅದು ಬೇಕು. ರಬ್ಬರ್ ಬುಷ್ ಬದಲಿ ಪಾಲಿಯುರೆಥೇನ್ ಬುಷ್ ಹಾಕಸ್ರಿ, ಸವಿಯೂದs ಇಲ್ಲ ಅಂತ ಇನ್ನೊಬ್ಬರು ಅಂದ್ರು. ಅದೂ ಹಂಗs: ಬಾಳಿಕಿ ಹೆಚ್ಚು, ಆದ್ರ ಗಟ್ಟಿ, ನಡಗೂದು ಒಳಗ ಬರತೈತಿ. ದೊಡ್ಡ ಅಲಾಯ್ ಚಕ್ಕರ ಹಾಕಿದ್ರ ಟೈರಿನ ರಬ್ಬರ್ ತೆಳುವಾಗತೈತಿ, ಗಾದಿ ತಗದು ಚಾಪಿ ಹಾಸಿದಂಗ.

ಮನಿಯವ್ರು ಕಡೀಕ, "ಇಷ್ಟ ಹಳೇ ಗಾಡಿಗೆ ರೊಕ್ಕಾ ಹಾಕೂದs ದಂಡ. ಮುಂದಿನೆರಡು ಯಾವದರ ಸಸ್ತಾದ್ದು ಹಾಕಿಸಿ ಸುಮ್ನ ಆಗೂಣು" ಅಂದ್ರು. ಸಿಟ್ಟ ಬಂತು, ಆದ್ರ 2,800 ದಂಡ ಮಾಡಿದಾಕಿ ನಾನs, ಏನಂತ ಮಾತಾಡ್ಲಿ?

ಮರುದಿನಾ ಒಬ್ಬಾಕೆನ ಗ್ಯಾರೇಜಿಗೆ ಹೋದೆ. "ಚಾಚಾ, ಹಿಂದ ನಿಮ್ಮ ಅಮ್ಮೀಜಾನ್ ಕುಂದರತಾರ ಅಂದ್ರ ಈ ಗಾಡಿಗೆ ಏನ ಹಾಕತಿದ್ರಿ?" ಅಂತ ಕೇಳಿದೆ. ಮದಲ ದಿನಾನs ಕೇಳಬೇಕಾದ ಪ್ರಶ್ನೆ ಇದು. ಅವ್ರು ಜರಾ ಹೊತ್ತು ಗಾಡಿ ನೋಡಿದ್ರು. "ಮದಲ ಆ ಬಫರ್ ತಗೀತಿದ್ದೆ. ಆಮ್ಯಾಲೆ ಕಂಪನಿ ಹೆಂಗ ಕೊಟ್ಟಿತ್ತೋ ಅದ ನಮೂನಿದು, ಚಲೋ ತಯಾರಕರದು, ನಾಕೂ ಹಾಕತಿದ್ದೆ. ಸವದ ರಬ್ಬರ್ ಒಂದೂ ಬಿಡತಿದ್ದಿಲ್ಲ. ಆಮ್ಯಾಲೆ ಅಮ್ಮೀಜಾನ್‌ಗೆ ಮುಂದ ಕುಂದ್ರು ಅಂತಿದ್ದೆ."

ಮುಂದ ಯಾಕ ಅಂದೆ. ಹಿಂದಿನ ಸೀಟು ಹಿಂದಿನ ಚಕ್ಕರದ ಹತ್ರ ಇರತೈತಿ, ಧಡಕಿ ಸೀದಾ ಬರತೈತಿ. ಮುಂದಿನ ಸೀಟು ಎರಡೂ ಚಕ್ಕರದ ನಡುವಿನ ಕಡೆ ಬರತೈತಿ, ಅಲ್ಲಿ ತೂಗೂದು ಕಡಿಮಿ. ಹುಬ್ಬಳ್ಳಿಯ ಆ ವ್ಯಾಯಾಮದ ಹುಡುಗಿಗೆ ಫೋನ್ ಹಚ್ಚಿ ಕೇಳಿದೆ. ಆಕಿನೂ ಅದನ್ನs ಅಂದ್ಲು: ಮುಂದಿನ ಸೀಟು ಪೂರ್ತಿ ಹಿಂದ ಸರಸ್ರಿ, ಬೆನ್ನ ಸ್ವಲ್ಪ ವಾಲಿಸ್ರಿ, ಕೆಳಗ ಗಟ್ಟಿ ದಿಂಬು ಇಟ್ಟು ಎತ್ತರಾ ಮಾಡ್ರಿ, ಮಣಕಾಲು ಚಪ್ಪಿಗಿಂತಾ ಮ್ಯಾಲೆ ಬರಬಾರದು. "ಡಿಸ್ಚಾರ್ಜ್ ಮಾಡೂಮುಂದನ ಹೇಳಿದ್ದೆನಲ್ಲ ಆಂಟಿ" ಅಂದ್ಲು. ಹೇಳಿದ್ಲು ಖರೆ. ನಾನೂ ಅತ್ತಿಯವ್ರಿಗೆ ಅಂದಿದ್ದೆ. ಅವ್ರು "ನಾ ಹಿಂದ ಕುಂದರತೀನವಾ, ಅಲ್ಲೇ ಆರಾಮ" ಅಂದಿದ್ರು. ನಾನೂ ಎರಡನೇ ಸಲ ಕೇಳಲಿಲ್ಲ.

ಮಾವನವ್ರು ಹೋದಾಗಿಂದ ಅತ್ತಿಯವ್ರು ಆ ಮುಂದಿನ ಸೀಟನ್ಯಾಗ ಕುಂತಿದ್ದಿಲ್ಲ. ಆರ ವರ್ಷ ಆತು. ನಾವ್ಯಾರೂ ಅದನ್ನ ಗುರುತs ಹಿಡಿದಿದ್ದಿಲ್ಲ.

ನನ್ನ ಭಿಶಿ ಪಾಳಿ ಬಂದಿತ್ತು. ಆ ರೊಕ್ಕದಾಗ ಒಂದು ಇಳಕಲ್ ಸೀರಿ ತೊಗೋಬೇಕು ಅಂತಿದ್ದೆ. ಅದನ್ನ ತೊಗೊಂಡು ಹೋಗಿ ಚಾಚಾರ ಮುಂದ ಇಟ್ಟೆ. ಲೆಕ್ಕಾ ಕೇಳವ್ರಿಗೆ ಲೆಕ್ಕಾ ಕೊಡತೀನಿ, ಚೀಟಿ ಇಟ್ಕೊಂಡೀನಿ. ಮುಂದಿನ ಶಾಕಪ್ಸರ್ ಜೋಡಿ 5,200. ಹಿಂದಿನ ಜೋಡಿ 2,900. ಮೌಂಟಿಂಗ್ ಮತ್ತ ಬೇರಿಂಗ್ 1,900. ಬಂಪ್ ಸ್ಟಾಪರ್, ಧೂಳಿನ ಕವರ್ ನಾಕೂ ಕೂಡಿ 1,000. ಲಿಂಕ್ ರಾಡ್ ಎರಡು 1,100. ಲೋವರ್ ಆರ್ಮ್ ಬುಷ್ 900. ಮಜೂರಿ 2,800. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 700. ಒಟ್ಟ 16,500. ಸ್ಪ್ರಿಂಗ್ ಅಳದು ನೋಡಿದ್ರು, ಕುಂತಿದ್ದಿಲ್ಲ, ಒಡದಿದ್ದಿಲ್ಲ, ಅವನ್ನs ಇಟ್ರು. "ಸುಮ್ನ ಯಾಕ ಖರ್ಚ" ಅಂದ್ರು. ಹಂಗ ಅನ್ನೂ ಮಿಸ್ತ್ರಿ ಸಿಕ್ರ ಬಿಡಬ್ಯಾಡ್ರಿ.

ಮಗಾ "ನಾವs ಮನಿಯಾಗ ಬಿಚ್ಚಿ ಹಾಕೂಣು, ಮಜೂರಿ ಉಳಿತೈತಿ" ಅಂದಿದ್ದ. ಚಾಚಾ ಅವನ್ನ ಬಾಜೂಕ ನಿಲ್ಲಿಸಿ ತೋರಿಸಿದ್ರು. ಮುಂದಿನ ಸ್ಪ್ರಿಂಗ್ ಬಿಚ್ಚೂಮುಂದ ಅದನ್ನ ಒಂದು ಹತಾರಲೆ ಬಿಗಿದು ಒತ್ತಿ ಹಿಡಿಬೇಕು. ಕೈ ತಪ್ಪಿ ಚಿಮ್ಮಿತಂದ್ರ ಮಾರಿ, ಕೈ ಉಳಿಯೂದಿಲ್ಲ. ಮಗಾ ಎರಡ ಹೆಜ್ಜಿ ಹಿಂದ ಸರದ. ನಿಮ್ಮ ಮನಿಯಾಗೂ ಮೊಬೈಲ್ ನೋಡಿ ಮಿಸ್ತ್ರಿ ಆದವ್ರು ಇದ್ರ ಈ ಮಾತು ಹೇಳ್ರಿ.

ಇನ್ನೊಂದು. ಅಲೈನ್‌ಮೆಂಟ್ ಮಾಡಾವ ಟೈರಿನ ಹವಾ ನೋಡಿ ನಕ್ಕ. ಡ್ರೈವರ್ ಬಾಗಲಾ ತಗದ್ರ ಅಲ್ಲೊಂದು ಚೀಟಿ ಅಂಟಿಸಿರತಾರ, ಎಷ್ಟ ಹವಾ ಹಾಕಬೇಕಂತ. ನಮ್ಮ ಟೈರಿನ್ಯಾಗ ಅದಕ್ಕಿಂತಾ ಏಳೆಂಟ ಪಾಯಿಂಟ್ ಹೆಚ್ಚಿತ್ತು. ಪಂಪಿನ ಹುಡುಗಾ "ಎಷ್ಟ ಹಾಕ್ಲಿ" ಅಂದಾಗೆಲ್ಲಾ ನಾ "ಚಲೋ ತುಂಬು" ಅಂತಿದ್ದೆ, ಪುಟ್ಟಿಗೆ ಜ್ವಾಳಾ ತುಂಬಿಸಿದಂಗ. ಹವಾ ಹೆಚ್ಚಾದ ಟೈರು ಕಲ್ಲಿದ್ದಂಗ. ಅದನ್ನ ಸರಿ ಮಾಡಾಕ ಒಂದ ರೂಪಾಯಿ ಹತ್ತಲಿಲ್ಲ.

ಮುಂದಿನ ಮಂಗಳವಾರ ದವಾಖಾನಿಗೆ ಹೊಂಟ್ವಿ. ಮುಂದಿನ ಸೀಟು ಹಿಂದ ಸರಿಸಿ, ಕೌದಿ ಮಡಚಿ ಇಟ್ಟು ಗಟ್ಟಿ ದಿಂಬು ಹಾಕಿದ್ದೆ. ಅತ್ತಿಯವ್ರು ವಾಕರ್ ಹಿಡಕೊಂಡು ಬಂದು ಹಿಂದಿನ ಬಾಗಲದ ಕಡೆ ನಡದ್ರು. "ಅತ್ತೀ, ಮುಂದ ಕುಂದ್ರರಿ" ಅಂದೆ. ಅವ್ರು ಸುಮ್ನ ನಿಂತ್ರು. ನಾ ಒತ್ತಾಯ ಮಾಡಲಿಲ್ಲ. "ನನಗ ತಗ್ಗು ಕಾಣೂದಿಲ್ಲರಿ, ಬಾಜೂಕ ಕುಂತು ಹೇಳವ್ರು ಬೇಕು" ಅಂದೆ. ಸ್ವಲ್ಪ ಹೊತ್ತಾದ ಮ್ಯಾಲೆ ಅವ್ರು ವಾಕರ್ ತಿರುವಿದ್ರು. ಕುಂತ ಮ್ಯಾಲೆ ಮುಂದಿನ ಡಬ್ಬಿ ಮ್ಯಾಲಿನ ಧೂಳಾ ಸೆರಗಿನಿಂದ ಒರೆಸಿದ್ರು.

ಓಣಿಯ ಮದಲನೇ ಹಂಪ್ಸು. ನಾ ಉಸರ ಹಿಡಿದಿದ್ದೆ. ಗಾಡಿ ಏರಿ ಇಳೀತು, ಒಂದ ಸಲ ತೂಗಿ ಸುಮ್ನ ಆತು. "ಶಿವಾ" ಬರಲಿಲ್ಲ. ನಾ ಈ ಸಲ ಅದನ್ನ ನಂಬಲಿಲ್ಲ. ಗಾಡಿ ಬಾಜೂಕ ನಿಲ್ಲಿಸಿ, "ಅತ್ತೀ, ಖರೆ ಹೇಳ್ರಿ. ನೋವಾತೇನ? ನನಗೇನೂ ಬ್ಯಾಸರಾ ಇಲ್ಲ" ಅಂದೆ. ಅವ್ರು, "ಸ್ವಲ್ಪ ಆತವಾ. ಮದಲಿನಂಗಿಲ್ಲ. ತಡಕೊಳ್ಳೂವಷ್ಟು ಐತಿ" ಅಂದ್ರು. ಆ "ಸ್ವಲ್ಪ ಆತು" ಕೇಳಿ ನನಗ ಆದ ಸಮಾಧಾನಾ ಹೇಳಾಕ ಬರೂದಿಲ್ಲ. ಖರೆ ಹೇಳಿದ್ರಲ್ಲ, ಅಷ್ಟ ಸಾಕಾಗಿತ್ತು.

ನವಲೂರ ಹತ್ರ ಬಂದಾಗ, "ಇಲ್ಲೆ ನಿಮ್ಮ ಮಾವನವ್ರು ಪ್ಯಾರಲ ಹಣ್ಣು ತೊಗೊಳ್ಳಾಕ ಗಾಡಿ ನಿಲ್ಲಸ್ತಿದ್ರು. ಚೌಕಾಸಿ ಮಾಡೂದು ನಾನು, ತಿನ್ನೂದು ಅವ್ರು" ಅಂದ್ರು. ಆರ ವರ್ಷದಾಗ ಆ ಗಾಡಿಯೊಳಗ ಕುಂತು ಅವ್ರ ಹೆಸರ ತಗದದ್ದು ಅದ ಮದಲ. ಬರೂಮುಂದ ಗಾಡಿ ನಿಲ್ಲಿಸಿ ಒಂದು ಕೇಜಿ ಪ್ಯಾರಲ ತೊಗೊಂಡ್ವಿ. ಚೌಕಾಸಿ ಅವ್ರs ಮಾಡಿದ್ರು, ಕಿಟಕಿಯೊಳಗಿಂದ.

ಈಗ ಎಲ್ಲಾ ಸರಿ ಆಗೇತಿ ಅಂತಲ್ಲ. ಡ್ಯಾಶ್‌ಬೋರ್ಡಿನ ಒಳಗ ಎಲ್ಲೋ ಒಂದು ಕಟಕಟ ಇನ್ನೂ ಐತಿ. ದೊಡ್ಡ ತಗ್ಗು ಬಂದ್ರ ಯಾವ ಶಾಕಪ್ಸರೂ ನುಂಗೂದಿಲ್ಲ, ಇಪ್ಪತ್ತರ ಸ್ಪೀಡಿನ್ಯಾಗ ಇಳಿಸಬೇಕು. ಆದ್ರ ಒಂದು ವಾರಾನೂ ತಪ್ಪಿಸಿಲ್ಲ. ವಾಕರ್ ಬಿಟ್ಟು ಕೋಲಿಗೆ ಬಂದಾರ. ಭಾರತ ಹುಣ್ಣಿವಿಗೆ ಉಳವಿ ಜಾತ್ರಿಗೆ ಹೋಗಬೇಕು ಅಂತಾರ. ಸಣ್ಣಾಕಿ ಇದ್ದಾಗ ಚಕ್ಕಡಿಯೊಳಗ ಹೋಗಿದ್ರಂತ, ಎಷ್ಟೋ ದಿನದ ದಾರಿ, ಚಕ್ಕಡಿಗೆ ಎಲ್ಲಿಯ ಸ್ಪ್ರಿಂಗು? "ನಮ್ಮಪ್ಪ ಕೆಳಗ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಸಿ, ನಮ್ಮ ಅಮ್ಮನ್ನ ನಡುವ ಕೂಡಸ್ತಿದ್ದ. ತುದಿಗೆ ಕುಂತವ್ರಿಗೆ ಧಡಕಿ ಹೆಚ್ಚು" ಅಂದ್ರು. ಚಾಚಾ ಹೇಳಿದ್ದ ಮಾತು ಅವ್ರಿಗೆ ಅರವತ್ತ ವರ್ಷದ ಹಿಂದನ ಗೊತ್ತಿತ್ತು. ನಾವು ಯಾರೂ ಅವ್ರನ್ನ ಕೇಳಿದ್ದಿಲ್ಲ. ಡಾಕ್ಟರ್ ಹೂಂ ಅಂದ್ರ ಹೋಗೂದು, ಇಲ್ಲಾಂದ್ರ ಮುಂದಿನ ವರ್ಷ.

ಎದುರಿನ ಮನಿ ವೈನಿ, ನಿಮಗ ಹೇಳೂದು ಇಷ್ಟ. ಗಾಡಿಗೆ ಏನ ಹಾಕಿಸಬೇಕು ಅಂತ ಅಂಗಡಿಗೆ ಹೋಗೂಕಿಂತಾ ಮದಲ ಏನ ಸವದೈತಿ ಅಂತ ಗಾಡಿ ಎತ್ತಿಸಿ ನೋಡ್ರಿ. ಹವಾ ನೋಡ್ರಿ, ಪುಕ್ಕಟ ಐತಿ. ಶಾಕಪ್ಸರ್ ಹಾಕಿಸೂದಾದ್ರ ಎಡಕ-ಬಲಕ ಜೋಡೀಲೆ ಹಾಕಸ್ರಿ, ಒಂದs ಹಾಕಿದ್ರ ಗಾಡಿ ಒಂದ ಕಡೆ ಎಳಿತೈತಿ. ಹಳೇ ಮೌಂಟಿಂಗ್, ಸ್ಟಾಪರ್ ಮ್ಯಾಲೆ ಹೊಸಾ ಶಾಕಪ್ಸರ್ ಕೂಡಸಬ್ಯಾಡ್ರಿ. ನಿಮ್ಮ ಗಾಡಿಯ ವರ್ಷ, ಮಾಡೆಲ್ ಹೇಳಿ ನಂಬರ ತಾಳಿ ನೋಡಿ, ಬಿಲ್ ಇಸ್ಕೊಂಡs ಸಾಮಾನು ತೊಗೊರಿ, ನಕಲಿ ಭಾಳ ಬರತಾವ. ಕೆಲಸಾ ಆದ ಮ್ಯಾಲೆ ಅಲೈನ್‌ಮೆಂಟ್ ಬಿಡಬ್ಯಾಡ್ರಿ.

ಇದೆಲ್ಲಾದಕ್ಕಿಂತಾ ಮದಲ ನಿಮ್ಮ ಮಾವನವ್ರು ಎಲ್ಲಿ ಕುಂದರತಾರ, ಆ ಜಾಗಾದಾಗ ನೀವು ಕುಂತು ಹುಬ್ಬಳ್ಳಿತನಕ ಒಮ್ಮೆ ಹೋಗಿ ಬರ್ರಿ. ಬಂದ ಮ್ಯಾಲೆ ನಮ್ಮ ಮನಿಗೆ ಚಾ ಕುಡಿಯಾಕ ಬರ್ರಿ, ಚಾಚಾರ ನಂಬರ ಕೊಡತೀನಿ. ಬಫರ್ ನಾಕೂ ಅಟ್ಟದ ಮ್ಯಾಲೆ ಅದಾವ. ಅವನ್ನ ಮಾತ್ರ ಕೇಳಬ್ಯಾಡ್ರಿ.